ಸೂಜಿ, ಪಟ್ಟಿ, ಪ್ಯಾಡು, ಗುಳಿಗಿ: ಬಳಸಿದ ಮ್ಯಾಲ ಎಲ್ಲಿ ಹಾಕೂದು, ಹೆಂಗ ಹಾಕೂದು

ಹೋದ ಬ್ಯಾಸಗ್ಯಾಗ ಒಂದಿನ ಮುಂಜಾನೆ ಊರಿಂದ ಅಣ್ಣನ ಫೋನ್ ಬಂತು. ತಿಪ್ಪಿ ಗೊಬ್ಬರ ಹೊಲಕ್ಕ ಹರವೋ ಮುಂದ ಹಿಮ್ಮಡಕ್ಕ ಏನೋ ನಟ್ಟೈತಿ, ಜಾಲಿ ಮುಳ್ಳು ಅಂದ್ಕೊಂಡು ಕಿತ್ತಿದ್ರ ಇದು ಮುಳ್ಳಲ್ಲ ನೋಡವ್ವಾ ಅಂದ. ನಂದು ಬಸವನ ಬಾಗೇವಾಡಿ ತಾಲೂಕಿನ ಹಳ್ಳಿ, ಕೆಲಸ ವಿಜಯಪುರದಾಗ, ಒಂದು ನರ್ಸಿಂಗ್ ಹೋಮಿನ್ಯಾಗ ಸ್ಟಾಫ್ ನರ್ಸ್ ಆಗಿ ಹದಿನಾಲ್ಕು ವರ್ಷ ಆತು. ಫೋಟೋ ಕಳಸು ಅಂದೆ. ಕರೀ ಮಣ್ಣು ಮೆತ್ತಿದ ಅಂಗೈ, ಅದರ ಮ್ಯಾಲ ಒಂದು ಇನ್ಸುಲಿನ್ ಸಿರಿಂಜ್. ಕೆಂಪು ಟೊಪ್ಪಗಿ ಎಲ್ಲೋ ಬಿದ್ದು ಹೋಗಿತ್ತು, ಸೂಜಿ ಬಾಗಿತ್ತು, ಆದ್ರ ಅದರ ಮೈಮ್ಯಾಲಿನ 10, 20, 30, 40 ಅನ್ನೋ ಗೆರಿ ಇನ್ನೂ ಸ್ವಚ್ಛ ಓದಾಕ ಬರ್ತಿದ್ವು. ಶೆಗಣಿ, ಕಣಕಿ, ಬೂದಿ ಎಲ್ಲಾ ಕೊಳತು ಗೊಬ್ಬರ ಆಗಿತ್ತು, ಸಿರಿಂಜ್ ಮಾತ್ರ ಅಂಗಡಿಯಿಂದ ನಿನ್ನೆ ತಂದಂಗಿತ್ತು.

ಅದು ನಮ್ಮ ಆಯೀದು. ಆಕಿಗೆ ಶುಗರ್ ಬಂದು ಒಂಬತ್ತು ವರ್ಷ, ದಿನಕ್ಕ ಎರಡು ಸಲ ಇನ್ಸುಲಿನ್. ಮಾಡಾಕಿ ನಮ್ಮ ವೈನಿ, ಭಾಳ ಕಾಳಜೀಲೆ ಮಾಡ್ತಾರ, ಒಂದಿನ ತಪ್ಪಿಸಿಲ್ಲ. "ವೈನಿ, ಚುಚ್ಚಿದ ಮ್ಯಾಲ ಸಿರಿಂಜ್ ಎಲ್ಲಿ ಹಾಕ್ತೀರಿ?" ಅಂತ ಕೇಳಿದ್ರ "ಎಲ್ಲಿ ಹಾಕ್ಲೆವ್ವಾ, ಕ್ಯಾರಿ ಬ್ಯಾಗಿನ್ಯಾಗ ಕಟ್ಟಿ ತಿಪ್ಪಿಗೆ ಹಾಕ್ತೀನಿ, ಹಾಕಬಾರದೇನು?" ಅಂದ್ರು. ಅವರಿಗೆ ಯಾರೂ ಹೇಳಿರಲಿಲ್ಲ. ಆಯೀನ ತೋರಸಾಕ ಕರಕೊಂಡು ಹೋದ ದವಾಖಾನ್ಯಾಗ ಹೇಳಿರಲಿಲ್ಲ, ಸಿರಿಂಜ್ ಕೊಟ್ಟ ಮೆಡಿಕಲ್ ಅಂಗಡ್ಯಾಗ ಹೇಳಿರಲಿಲ್ಲ, ದಿನಾ ಇದ ಕೆಲಸ ಮಾಡೋ ನಾನೂ ಮನಿಗೆ ಹೋದಾಗ ಹೇಳಿರಲಿಲ್ಲ. ಅದಕ್ಕ ಈಗ ಬರೀತೀನಿ. ಸೂಜಿ ಚುಚ್ಚೂದು ಹೆಂಗ ಅಂತ ಎಲ್ಲಾರೂ ಕಲಿಸ್ತಾರ, ಚುಚ್ಚಿದ ಮ್ಯಾಲ ಅದು ಯಾರ ಕೈಗೆ, ಯಾರ ಕಾಲಿಗೆ ಹೋಗ್ತೈತಿ ಅನ್ನೂದು ಯಾರೂ ಹೇಳೂದಿಲ್ಲ.

ಮೊದಲು ಒಂದು ಸಮಾಧಾನದ ಮಾತು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ ದವಾಖಾನಿಯಿಂದ ಬರೋ ಕಸದಾಗ ಸುಮಾರು 85 ಪರ್ಸೆಂಟ್ ನಮ್ಮ ಮನಿ ಕಸದಂಥಾದ್ದ, ಡಬ್ಬಿ, ಕಾಗದ, ಊಟದ ಕಸ. ಉಳಿದ 15 ಪರ್ಸೆಂಟ್ ಮಾತ್ರ ಅಪಾಯದ್ದು. ಆದ್ರ ಆ 15ನ್ನ ಈ 85ರಾಗ ಕೂಡಿಸಿಬಿಟ್ರ ಪೂರಾ 100ನ್ನೂ ಅಪಾಯದ್ದು ಅಂತನ ತಿಳೀಬೇಕಾಗ್ತೈತಿ. ಹಂಗಾಗಿ ಕೆಲಸ ಎಲ್ಲಾ ಇರೂದು ಬ್ಯಾರೆ ಮಾಡೂದ್ರಾಗ, ಅದೂ ಕಸ ಹುಟ್ಟಿದ ಜಾಗಾದಾಗನ. ಆಮ್ಯಾಲ ಆರಿಸ್ತೀನಿ ಅಂದ್ರ ಆಗೂದಿಲ್ಲ, ಆರಸಾವ್ರ ಕೈಗೆ ಚುಚ್ಚತೈತಿ.

ಸೂಜಿ ಮೊದಲು

ಮನ್ಯಾಗ ಯಾರರ ಇನ್ಸುಲಿನ್ ತಗೋತಿದ್ರ, ಗ್ಲೂಕೋಮೀಟರಿನ್ಯಾಗ ಬೆರಳು ಚುಚ್ಚಿ ಶುಗರ್ ನೋಡ್ತಿದ್ರ, ರಕ್ತ ತೆಳು ಮಾಡೋ ಇಂಜೆಕ್ಷನ್ ಹೊಟ್ಟಿಗೆ ಚುಚ್ಕೋತಿದ್ರ ಇದು ನಿಮಗ. ದಿನಕ್ಕ ಎರಡು ಸೂಜಿ ಅಂದ್ರ ವರ್ಷಕ್ಕ 730 ಆತು. ಒಂದು ಮನ್ಯಾಗಿಂದ. ನಿಮ್ಮ ಓಣ್ಯಾಗ ಶುಗರ್ ಇದ್ದ ಮನಿ ಎಷ್ಟು ಅದಾವು ಲೆಕ್ಕ ಹಾಕ್ರಿ.

ಏನೂ ಖರೀದಿ ಮಾಡೂದು ಬ್ಯಾಡ. ಖಾಲಿ ಆದ ಫಿನಾಯಿಲ್ ಕ್ಯಾನ್, ಅರಿವಿ ಒಗೆಯೋ ಲಿಕ್ವಿಡ್ಡಿನ ಬಾಟ್ಲಿ, ದಪ್ಪ ಪ್ಲಾಸ್ಟಿಕ್ಕಿಂದು, ತಿರುವಿ ಹಾಕೋ ಬೂಚ ಇದ್ದದ್ದು ತಗೋರಿ. ಬೆರಳಿಲೆ ಒತ್ತಿ ನೋಡ್ರಿ, ಸುಲಭ ಒಳಗ ಹೋಗಬಾರದು. ನೀರಿನ ಬಾಟ್ಲಿ ಬ್ಯಾಡ, ಅದು ತೆಳ್ಳಗಿರ್ತೈತಿ, ಯಾರರ ತುಳಿದ್ರ ಸೂಜಿ ಹೊರಗ ಬರ್ತೈತಿ. ಗಾಜಿನ ಬಾಟ್ಲಿ ಬ್ಯಾಡ, ಒಡದ್ರ ಎರಡು ಅಪಾಯ ಆಗ್ತಾವ. ಹಾಲಿನ ಪಾಕೀಟು, ಕ್ಯಾರಿ ಬ್ಯಾಗ್ ಅಂತೂ ಬ್ಯಾಡೇ ಬ್ಯಾಡ. ಕ್ಯಾನ್ ಮ್ಯಾಲ ಪರ್ಮನೆಂಟ್ ಮಾರ್ಕರಿನ್ಯಾಗ ದೊಡ್ಡ ಅಕ್ಷರದಾಗ ಬರೀರಿ, "ಬಳಸಿದ ಸೂಜಿ, ತೆಗೀಬ್ಯಾಡ್ರಿ", ಕೆಳಗ ಶುರು ಮಾಡಿದ ತಾರೀಕು. ಓದಾಕ ಬರಲಾರದವ್ರಿಗೂ ತಿಳೀಬೇಕಂದ್ರ ಒಂದು ಸೂಜಿ ಚಿತ್ರ ತಗೀರಿ, ಕೆಂಪು ಬಣ್ಣದಾಗ.

ಇನ್ನ ಹಾಕೋ ರೀತಿ. ಚುಚ್ಚಿ ತಗದ ಕೂಡ್ಲೆ, ಆ ಕೈಲೇನ, ಕ್ಯಾನಿಗೆ ಬೀಳಬೇಕು. ಹಾಸಿಗಿ ಮ್ಯಾಲ ಇಟ್ಟು ಆಮ್ಯಾಲ ಹಾಕ್ತೀನಿ ಅನ್ನಬ್ಯಾಡ್ರಿ, ನಡುವ ಫೋನ್ ಬರ್ತೈತಿ, ಮಗು ಬರ್ತೈತಿ, ಮರೀತೀರಿ. ಅದಕ್ಕ ಕ್ಯಾನ್ ಇರೋ ಜಾಗ ಇನ್ಸುಲಿನ್ ಕೊಡೋ ಜಾಗದ ಬಾಜೂಕನ ಇರಲಿ, ಆದ್ರ ಹುಡುಗರ ಕೈಗೆ ನಿಲುಕಲಾರದಷ್ಟು ಎತ್ತರ. ಸಿರಿಂಜ್ ಇದ್ರ ಸೂಜಿ ಬಿಚ್ಚೂದು, ಬಗ್ಗಸೂದು, ಮುರಿಯೂದು ಏನೂ ಬ್ಯಾಡ, ಇನ್ಸುಲಿನ್ ಸಿರಿಂಜಿಗೆ ಸೂಜಿ ಅಂಟಿಕೊಂಡ ಇರ್ತೈತಿ, ಪೂರಾ ಹಂಗ ಕ್ಯಾನಿಗೆ ಹಾಕ್ರಿ. ಇನ್ಸುಲಿನ್ ಪೆನ್ ಇದ್ರ ಸೂಜಿ ಬಿಚ್ಚಬೇಕಾಗ್ತೈತಿ, ಅದಕ್ಕ ಒಂದು ಸಣ್ಣ ಯುಕ್ತಿ ಐತಿ: ಹೊರಗಿನ ದೊಡ್ಡ ಟೊಪ್ಪಗಿ ಟೇಬಲ್ ಮ್ಯಾಲ ಬಾಯಿ ಮ್ಯಾಲ ಮಾಡಿ ಇಡ್ರಿ, ಒಂದ ಕೈಲೆ ಪೆನ್ ಹಿಡಕೊಂಡು ಸೂಜಿ ಅದರೊಳಗ ಇಳಿಸ್ರಿ, ಕುಂತ ಮ್ಯಾಲ ಹಿಡಿದು ತಿರುವಿ ಬಿಚ್ಚಿ ಕ್ಯಾನಿಗೆ ಹಾಕ್ರಿ. ಇನ್ನೊಂದು ಕೈಯಾಗ ಟೊಪ್ಪಗಿ ಹಿಡಕೊಂಡು ಹಾಕಾಕ ಹೋಗೂದ್ರಾಗನ ಬೆರಳಿಗೆ ಚುಚ್ಚೂದು, ನಮ್ಮ ದವಾಖಾನ್ಯಾಗ ಹೊಸಾ ಹುಡುಗ್ಯಾರಿಗೆ ನಾನು ಮೊದಲನೇ ದಿನ ಕಲಿಸೂದು ಇದನ್ನ. ಸೂಜಿ ಪೆನ್ನಿಗೆ ಹಂಗ ಬಿಟ್ಟು ಇಡೂದೂ ತಪ್ಪು, ಇನ್ಸುಲಿನ್ ಸೋರತೈತಿ, ಗಾಳಿ ಒಳಗ ಹೋಗ್ತೈತಿ, ಮುಂದಿನ ಸಲ ಡೋಸ್ ಬರೋಬ್ಬರಿ ಬರೂದಿಲ್ಲ.

ಗ್ಲೂಕೋಮೀಟರಿನ ಲ್ಯಾನ್ಸೆಟ್, ಅಂದ್ರ ಬೆರಳು ಚುಚ್ಚೋ ಸೂಜಿ, ಸಣ್ಣದು ಅಂತ ಬಿಡಬ್ಯಾಡ್ರಿ, ಅದೂ ಕ್ಯಾನಿಗೇ. ಸ್ಟ್ರಿಪ್ ಚುಚ್ಚೂದಿಲ್ಲ, ಆದ್ರ ರಕ್ತದ ಹನಿ ಇರ್ತೈತಿ, ಅದು ಕೆಳಗ ಹೇಳೋ ಪಟ್ಟಿ-ಪ್ಯಾಡಿನ ಕಸಕ್ಕ.

ಮುಕ್ಕಾಲು ತುಂಬಿದ್ರ ಸಾಕು, ನಿಲ್ಲಿಸಿಬಿಡ್ರಿ. ಇನ್ನೂ ನಾಕು ಹಿಡೀತಾವ ಅಂತ ಬೆರಳಿಲೆ ಒತ್ತಾಕ ಹೋಗಬ್ಯಾಡ್ರಿ, ಕ್ಯಾನ್ ಅಲ್ಲಾಡಿಸಿ ಕೂಡಸಾಕ ಹೋಗಬ್ಯಾಡ್ರಿ. ಬೂಚ ಗಟ್ಟಿ ತಿರುವಿ, ಮ್ಯಾಲ ದಪ್ಪ ಟೇಪ್ ಎರಡು ಸುತ್ತು ಸುತ್ತಿ, ಮತ್ತ ತಗೀಬಾರದು.

ಚುಚ್ಚಿಬಿಟ್ರ ಏನ್ ಮಾಡೂದು

ಇದನ್ನ ಇಲ್ಲೇ ಹೇಳ್ತೀನಿ, ಯಾಕಂದ್ರ ಕಡೀತನ ಓದಾವ್ರು ಕಡಿಮಿ. ಮನಿ ಒಳಗ ಆಗಲಿ, ಕಸದಾಗ ಆಗಲಿ, ದವಾಖಾನ್ಯಾಗ ಆಗಲಿ ಬಳಸಿದ ಸೂಜಿ ಚುಚ್ಚಿದ್ರ ಕೂಡ್ಲೆ ಹರಿಯೋ ನೀರಿನ್ಯಾಗ ಸಾಬೂನು ಹಚ್ಚಿ ತೊಳೀರಿ. ಬಾಯಾಗ ಹಾಕಿ ಚೀಪಬ್ಯಾಡ್ರಿ, ನಮ್ಮ ಕಡೆ ಬೆರಳಿಗೆ ಏನ್ ಆದ್ರೂ ಮೊದಲು ಬಾಯಾಗ ಇಡೋ ಚಟ ಐತಿ, ಇದಕ್ಕ ಅದು ಬ್ಯಾಡ. ಹಿಂಡಿ ರಕ್ತ ತಗೀಬ್ಯಾಡ್ರಿ. ಸುಣ್ಣ, ಅರಿಷಿಣ, ಬ್ಲೀಚಿಂಗ್ ಏನೂ ಹಚ್ಚಬ್ಯಾಡ್ರಿ. ತೊಳದು ಸೀದಾ ದವಾಖಾನಿಗೆ ಹೋಗ್ರಿ, ನಾಳೆ ನೋಡೂನು ಅನ್ನಬ್ಯಾಡ್ರಿ.

ಯಾಕ ಅಷ್ಟು ಅವಸರ ಅಂದ್ರ, ರೋಗ ಇದ್ದವ್ರ ರಕ್ತ ತಾಗಿದ ಸೂಜಿ ಒಂದ ಸಲ ಚುಚ್ಚಿದ್ರೂ ಹೆಪಟೈಟಿಸ್ ಬಿ ಬರೋ ಸಂಭವ 30 ಪರ್ಸೆಂಟ್ ತನಕ, ಹೆಪಟೈಟಿಸ್ ಸಿ ಸುಮಾರು 1.8, ಎಚ್‌ಐವಿ 0.3. ಎಚ್‌ಐವಿ ಅಂದ್ರ ಎಲ್ಲಾರೂ ಹೆದರ್ತಾರ, ಆದ್ರ ಸೂಜಿ ವಿಷಯದಾಗ ಜಾಸ್ತಿ ಹೆದರಬೇಕಾದ್ದು ಹೆಪಟೈಟಿಸ್ ಬಿಗೆ, ಅದರ ವೈರಸ್ ಒಣಗಿದ ರಕ್ತದಾಗೂ ಏಳು ದಿನದ ತನಕ ಬದುಕಿರ್ತೈತಿ. ಒಳ್ಳೇ ಸುದ್ದಿ ಏನಂದ್ರ ಅದಕ್ಕ ಲಸಿಕೆ ಐತಿ, ಮೂರು ಡೋಸ್. ಎಚ್‌ಐವಿ ತಡಿಯೋ ಗುಳಿಗಿನೂ ಅದಾವ, ಎರಡು ತಾಸಿನ್ಯಾಗ ಶುರು ಮಾಡಿದ್ರ ಅಗದಿ ಛಲೋ, 72 ತಾಸು ದಾಟಿದ್ರ ಉಪಯೋಗ ಇಲ್ಲ, 28 ದಿನ ತಗೋಬೇಕು. ಜಿಲ್ಲಾ ಆಸ್ಪತ್ರಿಯಾಗ ಸಿಗ್ತೈತಿ. ಯಾರಿಗೆ ಕೇಳೂದು ತಿಳೀಲಿಲ್ಲಂದ್ರ 104 ಆರೋಗ್ಯ ಸಹಾಯವಾಣಿ ಐತಿ, ಎಚ್‌ಐವಿ ಬಗ್ಗೆ 1097 ಐತಿ. ಅಣ್ಣನ ವಿಷಯದಾಗ ಸೂಜಿ ಆಯೀದು ಅಂತ ಗೊತ್ತಿತ್ತು, ಆಯೀನ ರಕ್ತ ಟೆಸ್ಟ್ ಮಾಡ್ಸಿದ್ವಿ, ಏನೂ ಇರಲಿಲ್ಲ, ಧನುರ್ವಾಯು ಇಂಜೆಕ್ಷನ್ನಿನ್ಯಾಗ ಮುಗೀತು. ಕಸದ ರಾಶ್ಯಾಗ ಚುಚ್ಚಿದ್ರ ಅದು ಯಾರ ಸೂಜಿ ಅಂತ ಹೆಂಗ ಗೊತ್ತಾಗಬೇಕು?

ಇಲ್ಲಿ ಒಂದು ಮಾತು ಹೇಳ್ಲೇಬೇಕು. ನಮ್ಮ ಓಣಿಗೆ ಕಸದ ಗಾಡಿ ಜೋಡಿ ಬರೋ ಅಕ್ಕಾರನ್ನ ಒಂದಿನ ನಿಂತು ನೋಡ್ರಿ. ಗಾಡಿ ಅರ್ಧ ಓಣಿಗೇ ತುಂಬಿಬಿಡ್ತೈತಿ, ಇನ್ನರ್ಧ ಓಣಿ ಕಸಕ್ಕ ಜಾಗ ಮಾಡಬೇಕಲ್ಲ, ಅದಕ್ಕ ಚೀಲದ ಮ್ಯಾಲ ಎರಡೂ ಅಂಗೈ ಇಟ್ಟು ಮೈಭಾರ ಹಾಕಿ ಒತ್ತತಾರ. ಕೈಗವಸು ಕೊಟ್ಟಿದ್ರೂ ಹರದಿರ್ತಾವ, ಬ್ಯಾಸಗ್ಯಾಗ 42 ಡಿಗ್ರಿ ಬಿಸಲಾಗ ಬೆವರಿಗೆ ಹಾಕ್ಕೊಳ್ಳಾಕೂ ಆಗೂದಿಲ್ಲ. ನೀವು ಕ್ಯಾರಿ ಬ್ಯಾಗಿನ್ಯಾಗ ಹಾಕಿದ ಸೂಜಿ ನೆಟ್ಟಗಾಗಿ ನಿಲ್ಲೂದು ಆಗ.

ಪಟ್ಟಿ, ಪ್ಯಾಡು, ಡೈಪರ್, ಮೂತ್ರದ ಚೀಲ

ಶುಗರಿನ ಕಾಲಿನ ಗಾಯಕ್ಕ ದಿನಾ ಡ್ರೆಸ್ಸಿಂಗ್ ಮಾಡೋ ಮನಿ ನಮ್ಮ ಜಿಲ್ಲ್ಯಾಗ ಭಾಳ. ತಗದ ಪಟ್ಟಿ, ಹತ್ತಿ, ಕೀವು ಹತ್ತಿದ ಗಾಜ್ ಬಟ್ಟಿ ನೆಲದ ಮ್ಯಾಲ ಇಡಬ್ಯಾಡ್ರಿ, ತಗಿಯೂಕಿಂತ ಮೊದಲ ಒಂದು ಹಾಳಿ ಹಾಸಿ, ಅದರ ಮ್ಯಾಲ ತಗದು, ಹಾಳಿ ಸಮೇತ ಮಡಚಿ, ಒಂದು ಚೀಲದಾಗ ಹಾಕಿ ಬಾಯಿ ಕಟ್ಟಿ, ಅದನ್ನ ಇನ್ನೊಂದು ಚೀಲದಾಗ ಹಾಕಿ ಮತ್ತ ಕಟ್ರಿ. ಕೈಗವಸು ಕಡೀಕ ತಗೀರಿ, ಒಳಮೈ ಹೊರಗ ಬರೋ ಹಂಗ, ಅದೂ ಅದ ಚೀಲಕ್ಕ. ಆಮ್ಯಾಲ ಕೈ ತೊಳೀರಿ. ಚೀಲದ ಮ್ಯಾಲ ಕೆಂಪು ಪೆನ್ನಿನ್ಯಾಗ ದೊಡ್ಡ ಚುಕ್ಕಿ ಇಡ್ರಿ ಮತ್ತ ಕಸದ ಗಾಡಿಗೆ ಕೊಡುವಾಗ ಹಸಿ ಕಸಕ್ಕೂ ಒಣಾ ಕಸಕ್ಕೂ ಕೂಡಸಲಾರದ ಬ್ಯಾರೆ ಕೈಗೆ ಕೊಟ್ಟು, ಬಾಯಿಲೆ ಹೇಳ್ರಿ, "ಅಕ್ಕಾರ, ಇದು ಗಾಯದ ಪಟ್ಟಿ, ಬಿಚ್ಚಬ್ಯಾಡ್ರಿ" ಅಂತ.

ಪ್ಯಾಡು, ಡೈಪರಿಗೂ ಇದ ರೀತಿ, ಡೈಪರಿನ್ಯಾಗ ಗಟ್ಟಿ ಹೊಲಸು ಇದ್ರ ಮೊದಲು ಸಂಡಾಸಿಗೆ ಬೀಳಿಸಿ ಆಮ್ಯಾಲ ಉಂಡಿ ಸುತ್ತಿ ಹಾಳ್ಯಾಗ ಸುತ್ರಿ. ಸಂಡಾಸಿನ್ಯಾಗ ಪೂರಾ ಡೈಪರ್ ಒಗದು ಗುಂಡಿ ಕಟ್ಟಿಸ್ಕೊಂಡವ್ರ ಕಥಿ ನಿಮ್ಮ ಓಣ್ಯಾಗೂ ಇರ್ತಾವ.

ಹಳ್ಳಿ ಕಡೆ ಇನ್ನೊಂದು ರೂಢಿ ಐತಿ, ಹೆಣ್ಣಮಕ್ಕಳು ಪ್ಯಾಡ್ ಒಯ್ದು ಬಚ್ಚಲ ಒಲಿಗೆ ಹಾಕೂದು. ಯಾರಿಗೂ ಕಾಣಬಾರದು ಅನ್ನೋ ಸಂಕೋಚ, ಅದು ನನಗೂ ಗೊತ್ತೈತಿ, ನಾನೂ ಅಂಥಾ ಮನ್ಯಾಗನ ಬೆಳದಾಕಿ. ಆದ್ರ ಅಂಗಡಿ ಪ್ಯಾಡಿನ್ಯಾಗ ಅರ್ಧಕ್ಕಿಂತ ಜಾಸ್ತಿ ಪ್ಲಾಸ್ಟಿಕ್ ಇರ್ತೈತಿ, ಒಲ್ಯಾಗ ಅದು ಪೂರಾ ಸುಡೂದಿಲ್ಲ, ಕರಗಿ ಹೊಗಿ ಆಗ್ತೈತಿ, ಆ ಹೊಗಿ ಮೊದಲು ಹೋಗೂದು ಬಚ್ಚಲದಾಗ ಕುಂತು ಒಲಿ ಊದಾಕಿ ಎದಿಗೆ. ಮುಟ್ಟಿನ ಕಪ್ಪು, ಇಲ್ಲಾ ತೊಳದು ಬಿಸಲಾಗ ಒಣಗಿಸೋ ಅರಿವಿ ಪ್ಯಾಡ್ ನಡೀತಿದ್ರ ಕಸಾನ ಹುಟ್ಟೂದಿಲ್ಲ, ಅದು ಅವರವರ ಅನುಕೂಲ.

ಸುಡೂದರ ಬಗ್ಗೆ ಇನ್ನೊಂದಿಷ್ಟು ಹೇಳ್ತೀನಿ, ಯಾಕಂದ್ರ "ಬೆಂಕಿ ಹಚ್ಚಿದ್ರ ಎಲ್ಲಾ ರೋಗ ಹೋತು" ಅನ್ನೋ ನಂಬಿಕಿ ಭಾಳ ಗಟ್ಟಿ. ದವಾಖಾನಿ ಕಸ ಸುಡೋ ಇನ್ಸಿನರೇಟರಿನ್ಯಾಗ ಎರಡು ಕೋಣಿ ಇರ್ತಾವ, ಮೊದಲನೇದ್ರಾಗ 800 ಡಿಗ್ರಿ ಸುಮಾರು ಶಾಖದಾಗ ಕಸ ಸುಡತೈತಿ, ಅದರ ಹೊಗಿ ಎರಡನೇ ಕೋಣ್ಯಾಗ 1050 ಡಿಗ್ರಿ ಸುಮಾರು ಶಾಖದಾಗ ಎರಡು ಸೆಕೆಂಡ್ ನಿಂತು ಮತ್ತ ಸುಡತೈತಿ, ಆಮ್ಯಾಲ ಅದನ್ನ ತೊಳದು ಹೊರಗ ಬಿಡ್ತಾರ. ಇಷ್ಟೆಲ್ಲಾ ಮಾಡೂದು ಡಯಾಕ್ಸಿನ್ ಅನ್ನೋ ವಿಷ ಹುಟ್ಟಬಾರದು ಅಂತ. ಗುಳಿಗಿ ಪಟ್ಟಿ, ಸಲೈನ್ ಪೈಪು ಇಂಥಾ ಪಿವಿಸಿ ಪ್ಲಾಸ್ಟಿಕ್ ಕಡಿಮಿ ಶಾಖದಾಗ ಸುಟ್ರ ಅದ ಹುಟ್ಟೂದು. ತಿಪ್ಪಿಗೆ ಹಚ್ಚಿದ ಬೆಂಕಿ, ದವಾಖಾನಿ ಹಿಂದಿನ ಡ್ರಮ್ಮಿನ್ಯಾಗ ಹಚ್ಚಿದ ಬೆಂಕಿ ಆ ಶಾಖದ ಹತ್ರಾನೂ ಹೋಗೂದಿಲ್ಲ. ಡಯಾಕ್ಸಿನ್ ಮಣ್ಣಿಗೆ ಬಿದ್ದು, ಮೇವಿನ್ಯಾಗ ಸೇರಿ, ದನದ ಮೈಯಾಗಿನ ಕೊಬ್ಬಿನ್ಯಾಗ ಕೂಡಿ, ಹಾಲಿನ್ಯಾಗ ಬರ್ತೈತಿ. ಸೂಜಿ ಅಂತೂ ಬೆಂಕ್ಯಾಗ ಸುಟ್ರೂ ಸೂಜೀನ, ಬೂದ್ಯಾಗ ಕುಂತಿರ್ತೈತಿ.

ಮಲಗಿದಲ್ಲೇ ಇರೋ ಪೇಶಂಟ್ ಇದ್ರ ಮೂತ್ರದ ಚೀಲ ಖಾಲಿ ಮಾಡೂದು ಸಂಡಾಸಿನ್ಯಾಗ, ಬಯಲ ಗಟಾರಕ್ಕಲ್ಲ. ಖಾಲಿ ಚೀಲ, ಪೈಪು ಕತ್ತರಿಲೆ ಕತ್ತರಿಸಿ ಎರಡು ಚೀಲದಾಗ ಸುತ್ರಿ. ಕತ್ತರಿಸೂದು ಯಾಕಂದ್ರ ಇಡೀ ಇದ್ರ ಯಾರರ ತೊಳದು ಮತ್ತ ಬಳಸೋ ಸಾಧ್ಯತಾ ಇರ್ತೈತಿ.

ನೆಲದ ಮ್ಯಾಲ ರಕ್ತ, ವಾಂತಿ ಬಿದ್ರ ಬ್ಲೀಚಿಂಗ್ ಪೌಡರ್ 30 ಗ್ರಾಂ, ಒಂದು ಲೀಟರ್ ನೀರಿಗೆ. ಹಾಳಿ ಹಾಸಿ ಮ್ಯಾಲ ಸುರುವಿ 20 ನಿಮಿಷ ಬಿಟ್ಟು ಒರಸ್ರಿ. ದಿನಾ ಹೊಸಾದು ಕಲಸ್ಬೇಕು, ನಿನ್ನೀದು ಇವತ್ತಿಗೆ ಬರೂದಿಲ್ಲ, ಕ್ಲೋರಿನ್ ಹಾರಿ ಹೋಗಿರ್ತೈತಿ. ಸಂಡಾಸ ತೊಳಿಯೋ ಆಸಿಡ್ ಜೋಡಿ ಮಾತ್ರ ಎಂದೂ ಕೂಡಸಬ್ಯಾಡ್ರಿ, ವಿಷದ ಗಾಳಿ ಏಳತೈತಿ, ಸಣ್ಣ ಬಚ್ಚಲದಾಗ ಉಸಿರು ಕಟ್ಟತೈತಿ.

ಗುಳಿಗಿ, ಟಾನಿಕ್ಕು

ದೇವರ ಗೂಡಿನ ಬಾಜೂಕಿನ ಡಬ್ಬಿ ತಗೀರಿ ಈಗ, ಎಲ್ಲಾ ಮನ್ಯಾಗೂ ಒಂದು ಇರ್ತೈತಿ. ಅರ್ಧ ಮುಗದ ಕೆಮ್ಮಿನ ಔಷಧ, ಮೂರ ದಿನ ತಗೊಂಡು ಆರಾಮಾತಂತ ಬಿಟ್ಟ ಆಂಟಿಬಯೋಟಿಕ್, ಎಂದೋ ಸತ್ತು ಹೋದ ಮುತ್ಯಾನ ಬಿಪಿ ಗುಳಿಗಿ. ತಾರೀಕು ನೋಡ್ರಿ, ಮುಗದಿದ್ದು ಬ್ಯಾರೆ ತಗೀರಿ.

ಗಟಾರಕ್ಕ, ಸಂಡಾಸಿಗೆ, ಬಾವಿಗೆ, ಹಳ್ಳಕ್ಕ ಹಾಕಬ್ಯಾಡ್ರಿ. ನಮ್ಮ ಕಡಿ ಘಟಪ್ರಭಾ, ಮಲಪ್ರಭಾ, ಡೋಣಿ ಎಲ್ಲಾವೂ ಕಡೀಕ ಹೋಗಿ ಸೇರೂದು ಕೃಷ್ಣಾಕ್ಕ, ಅದ ಕೃಷ್ಣಾ ನೀರನ್ನ ನಾವು ಕುಡಿಯೂದು. ನೀರು ಶುದ್ಧ ಮಾಡೋ ಘಟಕದಾಗ ರಾಡಿ ಹೋಗ್ತೈತಿ, ಕ್ರಿಮಿ ಸಾಯ್ತಾವ, ಕರಗಿದ ಔಷಧ ಪೂರಾ ಹೋಗೂದಿಲ್ಲ. ಆಂಟಿಬಯೋಟಿಕ್ ಸ್ವಲ್ಪ ಸ್ವಲ್ಪ ಮಣ್ಣಿಗೆ ನೀರಿಗೆ ಸೇರಿದ್ರ ಅಲ್ಲಿನ ಕ್ರಿಮಿ ಸಾಯಲಾರದ ಅದಕ್ಕ ರೂಢಿ ಆಗ್ತಾವ, ಮುಂದ ಅದ ಔಷಧ ನಮಗ ಹತ್ತೂದಿಲ್ಲ. ವಾರ್ಡಿನ್ಯಾಗ ಇದನ್ನ ನಾನು ಕಣ್ಣಿಲೆ ನೋಡೀನಿ, ಒಂದ ಔಷಧಕ್ಕ ಹೋಗಬೇಕಾದ ಸೋಂಕಿಗೆ ಮೂರ್ ಮೂರ್ ಔಷಧ ಬದಲ ಮಾಡಿ, ಮನ್ಯಾವ್ರು ಹೊಲಾ ಅಡಾ ಇಡೋ ಪರಿಸ್ಥಿತಿ.

ಮುಚ್ಚಿದ, ತಾರೀಕು ಇನ್ನೂ ಇರೋ ಪಟ್ಟಿ ಇದ್ರ ಮೊದಲು ತಂದ ಅಂಗಡಿಗೆ ಬಿಲ್ ಜೋಡಿ ಕೇಳ್ರಿ, ಕೆಲವ್ರು ವಾಪಸ್ ತಗೋತಾರ. ತಾರೀಕು ಮುಗದದ್ದು ದವಾಖಾನಿ ಹಳದಿ ಚೀಲಕ್ಕ ಹೋಗಬೇಕಾದ ಮಾಲು, ತಗೋತಾರೇನು ಅಂತ ಕೇಳ್ರಿ. ಎಲ್ಲೂ ಆಗಲಿಲ್ಲಂದ್ರ ಮನ್ಯಾಗ ಹಿಂಗ ಮಾಡ್ರಿ: ಗುಳಿಗಿ ಪಟ್ಟಿಯಿಂದ ಬಿಡಿಸಿ, ಸೋಸಿದ ಚಾ ಪುಡಿ ಇಲ್ಲಾ ಹಸಿ ಮಣ್ಣಿನ ಜೋಡಿ ಕಲಸಿ, ಗಟ್ಟಿ ಮುಚ್ಚೋ ಡಬ್ಬ್ಯಾಗ ಹಾಕಿ, ಟೇಪ್ ಹಚ್ಚಿ ಅಪಾಯದ ಕಸದ ಜೋಡಿ ಕೊಡ್ರಿ. ಹಂಗ ಕಲಸೂದು ಯಾಕಂದ್ರ ಹುಡುಗರು ಮಿಠಾಯಿ ಅಂತ ತಿನ್ನಬಾರದು, ದನಾ ನಾಯಿ ಬಾಯಿ ಹಾಕಬಾರದು, ಆರಿಸಿ ಮತ್ತ ಮಾರಾಟ ಆಗಬಾರದು. ಟಾನಿಕ್ಕಿಗೂ ಅದ, ಉಸುಕಿನ್ಯಾಗ ಹೀರಿಸಿ. ಹೊರಗಿನ ರಟ್ಟಿನ ಡಬ್ಬಿ, ಚೀಟಿ ಒಣಾ ಕಸಕ್ಕ ಹೋಗ್ತಾವ, ಹೆಸರು ಬರದ ಲೇಬಲ್ ಇದ್ರ ಹರೀರಿ. ದಮ್ಮಿನ ಇನ್ಹೇಲರ್ ಖಾಲಿ ಆಗೇತಿ ಅಂದ್ರೂ ಒಳಗ ಗ್ಯಾಸ್ ಒತ್ತಡ ಇರ್ತೈತಿ, ಚುಚ್ಚೂದು, ಬೆಂಕಿಗೆ ಹಾಕೂದು ಮಾಡಬ್ಯಾಡ್ರಿ, ಸಿಡೀತೈತಿ. ಕ್ಯಾನ್ಸರ್ ಗುಳಿಗಿ ಮನ್ಯಾಗ ಬಿಡಿಸೂದೂ ಬ್ಯಾಡ, ಕೊಟ್ಟ ದವಾಖಾನಿಗೇ ತಿರುಗಿ ಒಯ್ದು ಕೊಡ್ರಿ.

ಪಾದರಸದ ಥರ್ಮಾಮೀಟರ್ ಒಡದ್ರ

ಹುಡುಗರನ್ನ ಹೊರಗ ಕಳಸ್ರಿ, ಫ್ಯಾನ್ ಆರಿಸ್ರಿ, ಕಿಟಕಿ ತಗೀರಿ. ಕೈಯಾನ ಉಂಗುರ, ಬಂಗಾರದ ಬಳಿ ತಗದಿಡ್ರಿ, ಪಾದರಸ ಬಂಗಾರಕ್ಕ ಹತ್ತಿದ್ರ ಬೆಳ್ಳಗ ಮಾಡಿಬಿಡ್ತೈತಿ. ಕಸಬರಗಿ ತಗೋಬ್ಯಾಡ್ರಿ, ಒಂದು ಹನಿ ಹೋಗಿ ನೂರು ಹನಿ ಆಗ್ತೈತಿ. ಗಟ್ಟಿ ಹಾಳಿ ಎರಡು ತುಂಡಿಲೆ ಹನಿ ಎಲ್ಲಾ ಒಂದ ಕಡೆ ನೂಕಿ, ಸಣ್ಣವನ್ನ ಟೇಪಿಗೆ ಅಂಟಿಸಿ, ಬಾಟ್ಲ್ಯಾಗ ಹಾಕಿ ಬೂಚ ಬಿಗೀರಿ. ನೆಲದ ಮ್ಯಾಲ ಬ್ಯಾಟ್ರಿ ಅಡ್ಡ ಹಿಡದು ಬೆಳಕು ಬಿಟ್ರ ಉಳದ ಹನಿ ಮಿಂಚತಾವ. ಬಚ್ಚಲಕ್ಕ ತೊಳೀಬ್ಯಾಡ್ರಿ. ಹೊಸಾದು ತಗೊಳ್ಳುವಾಗ ಡಿಜಿಟಲ್ ತಗೋರಿ.

ದನಕ್ಕ ಮಾಡಿದ ಇಂಜೆಕ್ಷನ್

ಚರ್ಮಗಂಟು ರೋಗ ಬಂದಾಗ, ಆಮ್ಯಾಲ ಪ್ರತಿ ಮಳಿಗಾಲದಾಗ ನಮ್ಮ ಕಡೆ ಎಷ್ಟು ಸೂಜಿ ಕೊಟ್ಟಿಗ್ಯಾಗ ಬಿದ್ವು, ಯಾರೂ ಎಣಿಸಿಲ್ಲ. ಪಶು ದವಾಖಾನಿ ಕಸಕ್ಕೂ ಮನಷ್ಯಾರ ದವಾಖಾನಿ ನಿಯಮನ ಹತ್ತತಾವ. ಡಾಕ್ಟರ್ ಬಂದು ಮಾಡಿದ್ರ ಸೂಜಿ, ಸಿರಿಂಜ್, ಬಾಟ್ಲಿ ಅವರ ಕಡೆನ ವಾಪಸ್ ಕೊಡ್ರಿ, "ಸಾಹೇಬ್ರ, ಇದನ್ನ ತಗೊಂಡ ಹೋಗ್ರಿ" ಅಂತ ಕೇಳಾಕ ನಾಚಬ್ಯಾಡ್ರಿ. ನೀವ ಮಾಡಿದ್ರ ಅದ ಕ್ಯಾನಿಗೆ. ದನದ ಸೂಜಿ ದಪ್ಪ, ಚಪ್ಪಲಿ ಅಟ್ಟಿ ದಾಟಿ ಬರ್ತೈತಿ.

ಹಳೇ ಔಷಧದ ಬಾಟ್ಲಿ ಇದ್ರ ಹೆಸರು ಓದ್ರಿ. ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ ದನಕ್ಕ ಕೊಡೂದು 2006ರಾಗನ ನಿಷೇಧ ಆಗೇತಿ, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್ 2023ರಾಗ. ಅದನ್ನ ತಗೊಂಡ ದನ ಸತ್ತು, ಆ ಹೆಣ ತಿಂದ ಹದ್ದುಗಳ ಕಿಡ್ನಿ ಹೋಗಿ ಸತ್ತು, ದೇಶದಾಗ ರಣಹದ್ದು ಕಾಣಲಾರದಂಗ ಆದ್ವು. ಮೊದಲ ಊರ ಹೊರಗ ಸತ್ತ ಎತ್ತು ಒಗದ್ರ ಎರಡ ದಿನದಾಗ ಎಲುವು ಉಳೀತಿತ್ತು ಅಂತ ನಮ್ಮ ಆಯಿ ಹೇಳ್ತಾಳ. ಈಗ ನಾಯಿ ಹಿಂಡು.

ಸಣ್ಣ ಕ್ಲಿನಿಕ್, ಲ್ಯಾಬ್ ನಡಸಾವ್ರಿಗೆ

ಎರಡ ಕೋಣಿ ಕ್ಲಿನಿಕ್ಕಿಗೆ ಇದೆಲ್ಲಾ ಹತ್ತೂದಿಲ್ಲ ಅನ್ನಾವ್ರು ಅದಾರ. ಹತ್ತತೈತಿ. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮದಾಗ ಹಾಸಿಗಿ ಇಲ್ಲದ ಕ್ಲಿನಿಕ್ಕು, ಲ್ಯಾಬು, ಬ್ಲಡ್ ಬ್ಯಾಂಕು, ರಕ್ತದಾನ ಶಿಬಿರ ಎಲ್ಲಾ ಬರ್ತಾವ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಡೆ ಅನುಮತಿ ತಗೋಬೇಕು, ಹಾಸಿಗಿ ಇಲ್ಲದಿದ್ರ ಒಂದ ಸಲ ತಗೊಂಡ್ರ ಆತು. ವರ್ಷದ ವರದಿ ಜೂನ್ 30ರ ಒಳಗ.

ನಾಕು ಬಣ್ಣ ಬಾಯಿಪಾಠ ಆಗಬೇಕು, ಕಸ ಗುಡಸೋ ಆಯಾಗೂ ಆಗಬೇಕು. ಹಳದಿ ಚೀಲಕ್ಕ ರಕ್ತ-ಕೀವು ಹತ್ತಿದ ಹತ್ತಿ, ಗಾಜ್ ಬಟ್ಟಿ, ಪ್ಲಾಸ್ಟರ್, ಮೈಯಿಂದ ತಗದ ಭಾಗ, ಹಳೇ ಔಷಧ, ಇವು ಸುಡಾಕ ಹೋಗ್ತಾವ. ಕೆಂಪಿಗೆ ಪ್ಲಾಸ್ಟಿಕ್: ಸಲೈನ್ ಪೈಪು, ಕ್ಯಾತಿಟರ್, ಕೈಗವಸು, ಸೂಜಿ ತಗದ ಸಿರಿಂಜ್. ಇವು ಸುಡೂದಿಲ್ಲ, ಆಟೋಕ್ಲೇವ್ ಅನ್ನೋ ಬಿಸಿ ಉಗಿ ಯಂತ್ರದಾಗ ಕ್ರಿಮಿ ಸಾಯಿಸಿ, ಚೂರು ಮಾಡಿ, ಮರುಬಳಕೆಗೆ ಹೋಗ್ತಾವ. ಬಿಳಿ, ತೂತು ಬೀಳಲಾರದ ಡಬ್ಬಿಗೆ ಸೂಜಿ, ಬ್ಲೇಡು. ನೀಲಿಗೆ ಗಾಜು: ಇಂಜೆಕ್ಷನ್ ಬಾಟ್ಲಿ, ಆಂಪೂಲ್, ಜೊತಿಗೆ ಕಬ್ಬಿಣದ ರಾಡು-ಸ್ಕ್ರೂ. ಕ್ಯಾನ್ಸರ್ ಔಷಧದ ಬಾಟ್ಲಿ ನೀಲಿಗಲ್ಲ, ಹಳದಿಗೆ.

ನಾನು ಹೆಚ್ಚಾಗಿ ನೋಡೋ ತಪ್ಪು ಎರಡು. ಒಂದು, ಹಳದಿ ಚೀಲದ ಹತ್ತಿ ಮ್ಯಾಲ ವಾಸನಿ ಬರಬಾರದಂತ ಹೈಪೋಕ್ಲೋರೈಟ್, ಅಂದ್ರ ಕ್ಲೋರಿನ್ ಇರೋ ಬ್ಲೀಚ್ ನೀರು, ಸುರುವೂದು. ಆ ಚೀಲ ಮುಂದ ಸುಡಾಕ ಹೋಗೂದು, ಕ್ಲೋರಿನ್ ಜೋಡಿ ಸುಟ್ರ ಮತ್ತ ಅದ ಡಯಾಕ್ಸಿನ್. ಹೈಪೋಕ್ಲೋರೈಟ್ ಇರೂದು ಲ್ಯಾಬಿನ ದ್ರವದ ಕಸಕ್ಕ, ಚೆಲ್ಲಿದ ರಕ್ತಕ್ಕ, ಒಂದರಿಂದ ಎರಡು ಪರ್ಸೆಂಟ್, 20 ನಿಮಿಷ. ಇನ್ನೊಂದು, ಸಿರಿಂಜ್ ಇಡೀ ಬಿಡೂದು. ಸೂಜಿ ಕಟರಿನ್ಯಾಗ ಸೂಜಿ ಜೋಡಿ ಸಿರಿಂಜಿನ ಮೂತೀನೂ ಕತ್ತರಿಸ್ರಿ. 2009ರಾಗ ಗುಜರಾತದ ಮೋಡಾಸಾದಾಗ ಬಳಸಿದ ಸಿರಿಂಜ್ ಮತ್ತ ಬಳಸಿದ್ದಕ್ಕ ಹೆಪಟೈಟಿಸ್ ಬಿ ಹಬ್ಬಿ ಭಾಳ ಮಂದಿ ಜೀವಾ ಕಳಕೊಂಡ್ರು. ಕತ್ತರಿಸಿದ ಸಿರಿಂಜ್ ಯಾರೂ ಮಾರಾಕ ಆಗೂದಿಲ್ಲ.

ಹಳದಿ ಕಸ 48 ತಾಸಿಗಿಂತ ಜಾಸ್ತಿ ಇಟ್ಕೋಬಾರದು, ಚೀಲಕ್ಕ ಬಾರ್‌ಕೋಡ್ ಹಚ್ಚಿ, ತೂಕ ಬರದು, ಗಾಡಿ ಬಂದಾಗ ಕೊಟ್ಟು ಸಹಿ ತಗೋರಿ. 75 ಕಿಲೋಮೀಟರ್ ಒಳಗ ಎಲ್ಲಾ ದವಾಖಾನಿ ಕಸ ವಿಲೇವಾರಿ ಮಾಡೋ ಸಾಮೂಹಿಕ ಘಟಕ ಇದ್ರ ಸ್ವಂತ ಸುಡೂದು, ಹೂಳೂದು ಮಾಡಂಗಿಲ್ಲ. ಕಸ ಮುಟ್ಟೋ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸ್ರಿ, ಇದು ನಿಯಮದಾಗನ ಐತಿ, ಉಪಕಾರ ಅಲ್ಲ.

ತುಂಬಿದ ಕ್ಯಾನ್ ಕೊಡೂದು ಎಲ್ಲಿ

ಇದ ಎಲ್ಲಾರೂ ಕೇಳೋ ಪ್ರಶ್ನಿ. ಪ್ಯಾಟ್ಯಾಗ ಇದ್ರ ಮೊದಲು ನೀವು ತೋರಿಸ್ಕೊಳ್ಳೋ ದವಾಖಾನ್ಯಾಗ ಇಲ್ಲಾ ರಕ್ತ ಟೆಸ್ಟ್ ಮಾಡ್ಸೋ ಲ್ಯಾಬಿನ್ಯಾಗ ಕೇಳ್ರಿ, "ಸಿಸ್ಟರ್, ಮನ್ಯಾಗಿನ ಇನ್ಸುಲಿನ್ ಸೂಜಿ ಸೀಲ್ ಮಾಡಿ ತಂದೀನಿ, ನಿಮ್ಮ ಬಿಳಿ ಡಬ್ಬಿ ಜೋಡಿ ಕಳಸ್ತೀರೇನು?" ಅಂತ. ಮೊದಲು ಫೋನ್ ಮಾಡಿ ಕೇಳಿ ಹೋದ್ರ ಛಲೋ, ತಗೊಳ್ಳಾವ್ರೂ ಅದಾರ, ಇಲ್ಲ ಅನ್ನಾವ್ರೂ ಅದಾರ. ಆಗಲಿಲ್ಲಂದ್ರ ಪಾಲಿಕೆ, ನಗರಸಭೆ ಆರೋಗ್ಯ ಶಾಖೆಗೆ ಕೇಳ್ರಿ, ಮನಿಯಿಂದ ಬರೋ ಅಪಾಯದ ಕಸಕ್ಕ ಬ್ಯಾರೆ ವ್ಯವಸ್ಥಾ ಮಾಡೂದು ಅವರ ಜವಾಬ್ದಾರಿ, ಕೇಳಾವ್ರು ಜಾಸ್ತಿ ಆದಂಗ ಮಾಡ್ತಾರ. ಹಳ್ಯಾಗ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಕೇಳ್ರಿ, ಆಶಾ ಕಾರ್ಯಕರ್ತೆಗೆ ಹೇಳ್ರಿ, ಪಂಚಾಯ್ತಿ ಸ್ವಚ್ಛ ವಾಹಿನಿ ಬರ್ತಿದ್ರ ನಡಸಾಕಿ ಕೈಗೆ ಹೇಳಿ ಬ್ಯಾರೆ ಕೊಡ್ರಿ. ಕೂಡ್ಲೆ ಎಲ್ಲೂ ಆಗಲಿಲ್ಲಂದ್ರ ಅವಸರ ಮಾಡಬ್ಯಾಡ್ರಿ, ಸೀಲ್ ಮಾಡಿದ ಕ್ಯಾನ್ ಕೊಳಿಯೂದಿಲ್ಲ, ನಾರೂದಿಲ್ಲ, ಅಟ್ಟದ ಮ್ಯಾಲ ಕುಂತಿರಲಿ, ಪ್ಯಾಟಿಗೆ ಹೋಗುವಾಗ ತಗೊಂಡು ಹೋಗ್ರಿ.

ನಮ್ಮ ಮನ್ಯಾಗ ಈಗ ಆಯೀನ ಹಾಸಿಗಿ ಮ್ಯಾಲಿನ ಮಾಡದಾಗ ಐದು ಲೀಟರಿನ ಫಿನಾಯಿಲ್ ಕ್ಯಾನ್ ಐತಿ. ವೈನಿ ಅದರ ಮ್ಯಾಲ ಸೂಜಿ ಚಿತ್ರ ತಗದಾರ, ಕೆಳಗ ಯುಗಾದಿ ತಾರೀಕು ಬರದಾರ. ಮೊದಲನೇ ಕ್ಯಾನ್ ನಾನು ಬ್ಯಾಗಿನ್ಯಾಗ ಹಾಕ್ಕೊಂಡು ಬಸ್ಸಿಗೆ ತಂದು ನಮ್ಮ ದವಾಖಾನಿ ಬಿಳಿ ಡಬ್ಬಿ ಜೋಡಿ ಕಳಿಸಿದೆ. ತಿಪ್ಪ್ಯಾಗ ಹಳೇವು ಇನ್ನೂ ಎಷ್ಟು ಅದಾವೋ, ಅಣ್ಣ ಈ ವರ್ಷ ಗೊಬ್ಬರ ಹರವೋ ಮುಂದ ಗಮ್ ಬೂಟ್ ಹಾಕ್ಕೊಂಡು, ಕೈಲೆ ಮುಟ್ಟಲಾರದ ಸಲಿಕಿಲೆ ಹರವಿದ. ಹನ್ನೊಂದು ಸಿಕ್ವು. ಇಕ್ಕಳಿಲೆ ಎತ್ತಿ ಕ್ಯಾನಿಗೆ ಹಾಕಿದ.